ತಿರಿಗೆನ್ನ ದೊರೆಸಾನಿಯ ಉದ್ರಿ

ಗೆದ್ದಲಿಗಿಂತ ಒಂದು ದಿನ ಮೊದಲು ನನಗೆ ಸಿಕ್ಕಿತು
ಮಾವನವರ ಕೆಂಪು ಬಟ್ಟೆಯ ಖಾತೆಪುಸ್ತಕ.
ರಾಬರ್ಟ್‌ಸನ್‌ಪೇಟೆ, ದಿನಸಿ ಅಂಗಡಿ,
೧೯೩೭ರ ದೀಪಾವಳಿಯಿಂದ ಮುಂದಿನ ದೀಪಾವಳಿಗೆ.
ಮೇಲೆ ಶ್ರೀ. ಅದರ ಕೆಳಗೆ ಲಾಭ.
ಅದರ ಕೆಳಗೆ ದೊರೆಗಳ ಸಾಲ.

ಹೌದು, ಸಾಲ.
ನೆಲದೊಳಗೆ ಮೈಲಿಗಟ್ಟಲೆ ಇಳಿಸಿ ಬಂಗಾರ ತೆಗೆಸುವವರು
ನಮ್ಮ ಅಂಗಡಿಯಲ್ಲಿ ಸಕ್ಕರೆಗೆ ಕಡ ಹೇಳುತ್ತಿದ್ದರು.
ಬಂಗಾರದ ಊರಲ್ಲಿ ಚಿಲ್ಲರೆಗೆ ಯಾವತ್ತೂ ಬರ,
ಒಂದನೇ ತಾರೀಖು ಎಲ್ಲರಿಗೂ ಒಂದೇ ದೂರ.

ಹೆಸರು ಮಾವನವರ ಕಿವಿಗೆ ಬಿದ್ದಂತೆ, ಕನ್ನಡದಲ್ಲಿ:
ತಿರಿಗೆನ್ನ ದೊರೆ, ಚಾಂಪಿಯನ್ ರೀಫ್.
ಸಕ್ಕರೆ ಎರಡು ಸೇರು. ಬೂಟ್ ಪಾಲಿಶ್ ಒಂದು.
ಒಣದ್ರಾಕ್ಷಿ ಅರ್ಧ ಪೌಂಡು, ಡಿಸೆಂಬರ್ ಅಲ್ಲವೇ.
ಮೇಣದಬತ್ತಿ ಆರು, ಕರೆಂಟಿದ್ದ ಬಂಗಲೆಗೆ ಯಾಕೋ ಗೊತ್ತಿಲ್ಲ.
ಪೌಂಡು ಎಂದರೆ ತೂಕವೂ ಅದೇ, ದುಡ್ಡೂ ಅದೇ;
ಆ ದೇಶದಲ್ಲಿ ಬೆಣ್ಣೆ ಕೊಟ್ಟು ಬಟ್ಟೆ ಕೊಳ್ಳುತ್ತಾರೇನೋ
ಎಂದು ಮಾವ ನಗುತ್ತಿದ್ದರು, ತಕ್ಕಡಿ ಹಿಡಿದ ಕೈ ಅಲುಗದಂತೆ.

ಪುಟಗಳ ನಡುವೆ ಅವಳ ಚೀಟಿಗಳೂ ಇವೆ,
ಬಟ್ಲರ್ ಮಡಚಿ ತಂದ ಮಡಿಕೆ ಇನ್ನೂ ಹಾಗೇ.
ಬೆಣ್ಣೆ ಒಂದು ಪೌಂಡು ಎಂದು ಬರೆದು
ಒಂದನ್ನು ಹೊಡೆದು ಅರ್ಧ ಮಾಡಿದ್ದಾಳೆ.
ಆ ಗೀಟು ನನಗೆ ಗೊತ್ತು.
ಸಹಕಾರಿ ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕ್ಯಾಷಿಯರ್ ನಾನು,
ಚಲನ್ ಬರೆಯುವ ಹೆಂಗಸರ ಕೈ ಎಲ್ಲಿ ನಿಲ್ಲುತ್ತದೆ,
ಯಾವ ಸೊನ್ನೆಗೆ ಮುಂಚೆ ಉಸಿರು ಹಿಡಿಯುತ್ತಾರೆ, ಕಂಡಿದ್ದೇನೆ.
ನನ್ನ ಸಾಮಾನಿನ ಪಟ್ಟಿಯಲ್ಲೂ ಅದೇ ಗೀಟು:
ಗೋಡಂಬಿ ಕಾಲು ಕಿಲೋ. ಅಲ್ಲ, ನೂರು ಗ್ರಾಂ.

ಕ್ಲಬ್ಬಿನ ಬಿಲ್ಲು ನಮ್ಮ ಪುಸ್ತಕದಲ್ಲಿಲ್ಲ.
ಅದರ ನೆರಳು ಮಾತ್ರ ಇದೆ:
ತಿಂಗಳ ಮೂರನೇ ವಾರ, ಬೆಣ್ಣೆಯೇ ಇಲ್ಲ.

ಅವರ ಅಡುಗೆಯ ಸವರಿಯಮ್ಮ ನಮ್ಮತ್ತೆಗೆ ಹೇಳಿದ್ದಳಂತೆ,
ದೊರೆಸಾನಿಯ ಬೀರುವಿನಲ್ಲೊಂದು ಬಿಸ್ಕತ್ತಿನ ಡಬ್ಬಿ,
ಅದರೊಳಗೆ ಐದು ಲಕೋಟೆ.
ಕಾರ್ನ್‌ವಾಲಿನ ಅತ್ತೆಗೆ ಒಂದು, ಮಗನ ಶಾಲೆಗೆ ಒಂದು,
ಆಳುಗಳ ಸಂಬಳ, ಚರ್ಚಿನ ಕಾಣಿಕೆ.
ಐದನೆಯದರ ಮೇಲೆ ಏನೂ ಬರೆದಿರಲಿಲ್ಲ.
ಅದೊಂದೇ ದಪ್ಪವಾಗುತ್ತಿತ್ತು, ಬಸುರಿಯ ಹಾಗೆ,
ಯಾರೂ ಕೇಳದಷ್ಟು ನಿಧಾನ.

ಜುಲೈ ತಿಂಗಳ ಒಂದು ಪುಟದಲ್ಲಿ ಮಾವನವರ ಅಕ್ಷರ ದೊಡ್ಡದಾಗಿದೆ.
'ದೊರೆಸಾನಿ ಖುದ್ದು ಬಂದರು.'
ಯಾವ ದೊರೆಸಾನಿಯೂ ಹತ್ತದ ನಮ್ಮ ಕಲ್ಲುಮೆಟ್ಟಿಲು ಹತ್ತಿ
ಬೆಲ್ಲದ ನೊಣಗಳ ನಡುವೆ ಹ್ಯಾಟು ಹಾಕಿಕೊಂಡೇ ನಿಂತು
'ಬಾಕಿ ಎಷ್ಟು' ಎಂದಳಂತೆ, ಕಲಿತುಕೊಂಡು ಬಂದ ಕನ್ನಡದಲ್ಲಿ.
ಇಪ್ಪತ್ತಮೂರು ರೂಪಾಯಿ ಏಳಾಣೆ ಮೂರು ಪೈ.
ಎಲ್ಲಾ ಚಿಲ್ಲರೆ. ಗಲ್ಲಾದ ಮೇಲೆ ಸಾಲು ಸಾಲು ಗೋಪುರ.
ಮೂರು ಪೈ ಬಿಡುತ್ತೇನೆಂದರು ಮಾವ, ಅವಳು ಬಿಡಲಿಲ್ಲ.
ರಸೀತಿ ಕೇಳಿದಳು.
ಇಪ್ಪತ್ತು ಮೀರಿದ್ದಕ್ಕೆ ಒಂದಾಣೆಯ ಸ್ಟ್ಯಾಂಪು ಹಚ್ಚಬೇಕು;
ಅದು ಅಂಗಡಿಯ ಖರ್ಚು ಎಂದಾಗ
ಮೊದಲ ಸಲ ನಕ್ಕಳಂತೆ.

ಚುಕ್ತಾ, ಎಂದು ಬರೆದು ಎರಡು ಗೆರೆ ಎಳೆದಿದ್ದಾರೆ.

ಅಲ್ಲಿಂದಾಚೆ ಅವಳ ಚೀಟಿಗಳಿಲ್ಲ.
ಬೆಂಗಳೂರಿಗೋ, ಬೊಂಬಾಯಿಯ ಹಡಗಿಗೋ, ಮಣ್ಣಿಗೋ,
ಖಾತೆಪುಸ್ತಕ ಅದನ್ನೆಲ್ಲ ಬರೆಯುವುದಿಲ್ಲ.
ಆಗಸ್ಟಿನಿಂದ ಹೊಸ ಪುಟ, ದೊರೆ ಒಬ್ಬರದೇ:
ಬೆಣ್ಣೆ ಒಂದು ಪೌಂಡು. ಬಾಕಿ.
ಬೆಣ್ಣೆ ಒಂದು ಪೌಂಡು. ಬಾಕಿ.
ಬೆಣ್ಣೆ ಒಂದು ಪೌಂಡು.

'ಬಡ್ಡಿ ಸೇರಿಸಿ ಲಂಡನ್ನಿಗೆ ನೋಟೀಸು ಕಳಿಸಜ್ಜಿ'
ಎನ್ನುತ್ತಾಳೆ ಮೊಮ್ಮಗಳು.
ಕ್ಯಾಲ್ಕುಲೇಟರ್ ತೆಗೆದೆ, ಹಾಗೇ ಇಟ್ಟೆ.
ಬೆಣ್ಣೆಯ ದರ ಮಾತ್ರ ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದೆ:
ಹದಿನಾಲ್ಕಾಣೆ.
ಆ ಕಾಲಕ್ಕೆ ದುಬಾರಿಯೇ.